ಪುಣೆಯ ಹೋಟೆಲ್ಲಿಗೆ ಹೊಲಿದ ಕೋಟು

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ದರ್ಜಿ ಅಂಗಡಿ. ಮೂವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದೇನೆ. ಮೊದಲೆಲ್ಲ ಈ ಕಡೆಯ ಮದುಮಗನ ಮೈಮೇಲೆ ಕೋಟಿದ್ದರೆ ಅದು ನನ್ನದೇ ಆಗಿರುತ್ತಿತ್ತು. ಈಗ ಬಾಡಿಗೆಯ ಶೇರವಾನಿ ಬಂದು ನನ್ನ ಹೊಟ್ಟೆಯ ಮೇಲೆ ಹೊಡೆದಿದೆ. ಆ ಸಿಟ್ಟು ನನಗಿದೆ, ಮುಚ್ಚಿಡುವುದಿಲ್ಲ. ಯಾರಾದರೂ ಬಂದು, ಇಂಥ ಕಡೆಗೆ ಹೊರಟಿದ್ದೇವೆ, ಏನು ಹಾಕಿಕೊಳ್ಳೋಣ ಎಂದು ಕೇಳಿದರೆ ಸಾಕು, ಅವರು ಹೊರಟದ್ದು ಕೋರ್ಟಿಗೋ ತೊಟ್ಟಿಲ ಕಾರ್ಯಕ್ಕೋ ಎಂದು ನಾನು ಕೇಳುವುದಿಲ್ಲ, ಕೋಟು ಅನ್ನುತ್ತೇನೆ.

ಅಣ್ಣನಿಗೂ ಅದನ್ನೇ ಅಂದೆ. ಆ ಕೋಟು ಈಗ ನನ್ನ ಅಂಗಡಿಯಲ್ಲೇ ಇದೆ, ಗುಂಡಿ ಹರಿದ ಸ್ಥಿತಿಯಲ್ಲಿ. ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದೇನೆ.

ಅಣ್ಣ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು. ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಜೋಳ ಬೀಸಿ ಬೀಸಿ ಅವನ ಹುಬ್ಬು, ಮೀಸೆ, ಟೊಪ್ಪಿಗೆ ಎಲ್ಲ ಬೆಳ್ಳಗಾಗಿ, ಅವನ ಕೂದಲು ಯಾವಾಗ ಹಣ್ಣಾಯಿತೆಂದು ಮನೆಯವರಿಗೂ ಗೊತ್ತಾಗಲಿಲ್ಲ. ಅವನಿಗೆ ಒಬ್ಬಳೇ ಮಗಳು. ಬೆಳಗಾವಿಯಲ್ಲಿ ಹೋಟೆಲ್ ಅಡುಗೆಯ ಕೋರ್ಸು ಓದಿದಳು. ಓದುವಾಗ ಅಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ಓದು ಮುಗಿಸಿ ಪುಣೆಯ ಒಂದು ಸ್ಟೇಕ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದಳು. ಅಂದರೆ ಮಾಂಸದ ದಪ್ಪ ತುಂಡನ್ನು ಕೆಂಡದ ಮೇಲೆ ಸುಟ್ಟು, ಬಿಳಿ ತಟ್ಟೆಯಲ್ಲಿಟ್ಟು, ಚೂರಿ ಕೊಟ್ಟು ತಿನ್ನಿಸುವ ಶ್ರೀಮಂತರ ಹೋಟೆಲು. ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. 'ಇದಕ್ಕ ಸಾಲಿ ಕಲಿಸಿದ್ನೇನು?' ಅಂದ ಅಣ್ಣ. ಅಷ್ಟೇ, ನಾಲ್ಕು ವರ್ಷ ಮಗಳ ಜೊತೆ ಮಾತು ಬಿಟ್ಟ. ಆಕೆ ಹಬ್ಬಕ್ಕೆ ಬಂದರೆ ಇವನು ಗಿರಣಿಯಲ್ಲೇ ಕೂತುಬಿಡುತ್ತಿದ್ದ.

ಹೋದ ವರ್ಷ ಆಕೆ ಅಲ್ಲಿಯ ಅಡುಗೆಮನೆಗೆ ಮುಖ್ಯಸ್ಥೆಯಾದಳು. ಅಪ್ಪನ ಫೋನಿಗೆ ಒಂದು ಮೆಸೇಜು ಕಳಿಸಿದಳು: ಒಂದು ಸಲ ಬಂದು ನಾನು ನಿಂತು ಕೆಲಸ ಮಾಡುವ ಜಾಗ ನೋಡಿ ಹೋಗು, ನಿನಗೆ ಬೇರೆ ಬಾಣಲೆಯಲ್ಲಿ ಬೇರೆ ಅಡುಗೆ ಮಾಡಿಕೊಡುತ್ತೇನೆ. ಅಣ್ಣ ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಸೀದಾ ನನ್ನ ಅಂಗಡಿಗೆ ಬಂದು ಫೋನು ನನ್ನ ಕೈಗೆ ಕೊಟ್ಟ. ಮೆಸೇಜಿನ ಕೆಳಗೆ ಹೋಟೆಲ್ಲಿನ ನಿಯಮವಿತ್ತು. ಕಾಲರ್ ಇರುವ ಅಂಗಿ, ಉದ್ದನೆಯ ಪ್ಯಾಂಟು, ಬೂಟು. ಚಪ್ಪಲಿ, ಚಡ್ಡಿ ನಡೆಯುವುದಿಲ್ಲ.

'ಪೈಜಾಮ ನಡಿಯಂಗಿಲ್ಲ ಅಂದಂಗಾತು. ಏನ್ ಹಾಕ್ಕೊಂಡ ಹೋಗ್ಲಿ, ತಮ್ಮಾ?' ಅಂದ.

ಕೋಟಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಎರಡು ಸಲ ಓದಿದ್ದೆ, ಇರಲಿಲ್ಲ. ಆದರೂ, 'ಅಂಥಾ ಜಾಗಾಕ್ಕ ಕೋಟ ಇಲ್ದ ಒಳಗ ಬಿಡಂಗಿಲ್ಲಣ್ಣಾ' ಅಂದೆ. ನನ್ನ ಕೈಯ ಕೋಟು ಅಂಥ ಹೋಟೆಲ್ಲಿನ ದೀಪದ ಕೆಳಗೆ ಕೂರುವುದನ್ನು ನೆನೆಸಿಕೊಂಡು ನನಗೆ ಆಸೆ ಹುಟ್ಟಿತ್ತು. ಅಣ್ಣ ನಂಬಿದ. ಬಟ್ಟೆಯ ವಿಷಯದಲ್ಲಿ ಅವನು ನನ್ನ ಮಾತನ್ನು ಯಾವತ್ತೂ ತೆಗೆದುಹಾಕಿದವನಲ್ಲ.

ಇಲ್ಲಿ ನನ್ನ ಅಳತೆಯ ರೀತಿ ಹೇಳಬೇಕು. ನಾನು ಕೋಟು ಕಲಿತದ್ದು ಹುಕ್ಕೇರಿಯ ಒಬ್ಬ ಉಸ್ತಾದರ ಹತ್ತಿರ. ಅವರು ಎದೆಯ ಅಳತೆಯನ್ನು ಒಂದೇ ಸಲ ತೆಗೆದು ಬಿಟ್ಟವರಲ್ಲ. ಟೇಪು ಸುತ್ತಿ, ಒಳಗೆ ಎರಡು ಬೆರಳು ಇಟ್ಟು, ಉಸಿರು ಬಿಡಿಸಿ ಒಂದು ಅಂಕಿ, ಉಸಿರು ಎಳೆಸಿ ಇನ್ನೊಂದು ಅಂಕಿ. ಎರಡನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಬೇಕು. ಕೋಟಿಗೆ ಎಷ್ಟು ಸಡಿಲು ಬಿಡಬೇಕೆಂಬುದು ಆ ಎರಡು ಅಂಕಿಗಳ ನಡುವಿನಿಂದ ತಿಳಿಯುತ್ತದೆ. ಗಟ್ಟಿ ಆಳಾದರೆ ಎರಡು ಇಂಚು, ಎರಡೂವರೆ ಇಂಚು ವ್ಯತ್ಯಾಸ ಬರುತ್ತದೆ. ಒಮ್ಮೆ ಒಬ್ಬ ವ್ಯಾಪಾರಿ ಬಂದಾಗ ಉಸ್ತಾದರು ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ನೋಡಿ ಕತ್ತರಿ ಕೆಳಗಿಟ್ಟರು. 'ಮೊದಲ ಡಾಕ್ಟರ್ ಕಡೆ ಹೋಗಿ ಬರ್ರಿ ಸಾವಕಾರ. ಕೋಟಿಗೆ ಅವಸರ ಇಲ್ಲ' ಅಂದರು. ಆಮೇಲೆ ನನ್ನ ಕಡೆ ತಿರುಗಿ, 'ಈ ನಡುವಿನ ಜಾಗಾ ಸಣ್ಣ ಆಗ್ಕೋತ ಬಂತಂದ್ರ ನೀನೂ ಹಿಂಗ ಮಾಡಬೇಕು' ಅಂದರು. ನಾನು ಹೂಂ ಅಂದಿದ್ದೆ.

ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮೂರು ವರ್ಷದ ಹಿಂದೆ ಅಣ್ಣನಿಗೆ ಒಂದು ಜಾಕೀಟು ಹೊಲಿದಾಗ ಬರೆದದ್ದು ಪುಸ್ತಕದಲ್ಲಿತ್ತು: ಮೂವತ್ತೆಂಟು, ನಲವತ್ತು. ಕೋಟಿಗೆಂದು ಅವತ್ತು ಅಳೆದಾಗ ಮೂವತ್ತೆಂಟು, ಮೂವತ್ತೊಂಬತ್ತೂಕಾಲು. ವಯಸ್ಸಾಯಿತು ಅಂದುಕೊಂಡೆ. ಅಣ್ಣ ಎರಡು ಸಲ ಕೆಮ್ಮಿದ. 'ಗಿರಣಿ ಹಿಟ್ಟು' ಅಂದ. ಇಪ್ಪತ್ತು ವರ್ಷದಿಂದ ಅವನ ಕೆಮ್ಮಿಗೆ ಮನೆಯಲ್ಲಿ ಅದೊಂದೇ ಹೆಸರು.

ಕಪ್ಪಿಗೆ ಹತ್ತಿರದ ನೀಲಿ ಬಟ್ಟೆ ಆರಿಸಿದೆವು. ಬಜಾರಿಗೆ ಕರೆದೊಯ್ದು ಬೂಟು ಕೊಡಿಸಿದೆ. ಜನ್ಮದಲ್ಲಿ ಬೂಟು ಹಾಕದವನು ಅಂಗಡಿಯೊಳಗೆ ನಾಲ್ಕು ಹೆಜ್ಜೆ ಹಾಕಿ ಕನ್ನಡಿಯಲ್ಲಿ ಕಾಲನ್ನಷ್ಟೇ ನೋಡಿಕೊಂಡು ನಕ್ಕ. ಆ ಬೂಟು ಅವತ್ತು ಅವನಿಗೆ ಸರಿಯಾಗಿ ಕೂತಿತ್ತು. ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ, ಮುಂದೆ ಬೆರಳಿಟ್ಟು ಒತ್ತಿ ನೋಡಿದವನು ನಾನೇ.

ಹದಿನೈದು ದಿನದ ಮೇಲೆ ಮೊದಲ ಟ್ರಯಲ್ಲಿಗೆ ಬಂದ. ಕಚ್ಚಾ ಹೊಲಿಗೆಯ ಕೋಟು ತೊಡಿಸಿದೆ. ಭುಜ, ಬೆನ್ನು, ತೋಳು ಎಲ್ಲ ಕೂತವು. ಗುಂಡಿ ಹಾಕಿದ ಕೂಡಲೇ, 'ಎದಿ ಹಿಡಿತೈತಿ' ಅಂದ.

ನನಗೆ ಸಿಟ್ಟು ಬಂತು. ಹಿಡಿಯುವ ಕೋಟು ಹೊಲಿಯುವ ದರ್ಜಿ ನಾನಲ್ಲ. ಗುಂಡಿ ಹಾಕಿದ ಕೋಟಿನೊಳಗೆ ಕೈ ಹಾಕಿ ನೋಡಿದರೆ ನನ್ನ ಪೂರ್ತಿ ಅಂಗೈ ಆಡುತ್ತಿತ್ತು. ಮತ್ತೆ ಅಳೆದೆ. ಬಿಟ್ಟಾಗ ಮೂವತ್ತೆಂಟು. ಎಳೆದಾಗ ಮೂವತ್ತೊಂಬತ್ತು ಬರಲಿಲ್ಲ, ಒಂದು ಕಾಳಿನಷ್ಟು ಈಚೆಗೇ ಟೇಪು ನಿಂತಿತು. ಎಳೆಯುವಾಗ ಅವನ ಕುತ್ತಿಗೆಯ ನರ ಎದ್ದದ್ದು ಕಂಡೆ. ಪುಸ್ತಕದಲ್ಲಿ ಬರೆದೆ, ಮೇಲಿನ ಸಾಲಿನ ಹಳೆಯ ಅಂಕಿಯನ್ನೂ ನೋಡಿದೆ. ನೋಡಿ, ಕೋಟನ್ನು ಬಿಚ್ಚಿಸಿಕೊಂಡು, 'ಅರ್ಧಾ ಇಂಚ ಬಿಡ್ತೇನಿ ತಗೋ' ಅಂದೆ.

ಕೋಟಿನ ತಪ್ಪಿಲ್ಲ ಎಂದು ಗೊತ್ತಿದ್ದೂ ಕೋಟನ್ನೇ ಬಿಚ್ಚಿ ಹೊಲಿದೆ. ಯಾಕೆಂದರೆ ಕೋಟನ್ನು ಸರಿಪಡಿಸುವುದು ನನಗೆ ಬರುತ್ತಿತ್ತು.

ಆ ದಿನದಿಂದ ನನಗೆ ಅಂಗಡಿಯಲ್ಲಿ ಒಬ್ಬನೇ ಕೂತಾಗ ಕೆಡುಕು ಅನ್ನಿಸತೊಡಗಿತು. ಕೋಟು ಹ್ಯಾಂಗರಿನಲ್ಲಿ ಬಾಗಿಲ ಎದುರಿಗೇ ತೂಗುತ್ತಿತ್ತು. ಗಾಳಿಗೆ ಅದರ ಎದೆ ಸ್ವಲ್ಪ ಉಬ್ಬಿ ಇಳಿಯುತ್ತಿತ್ತು. ನಾನು ಅದನ್ನು ಒಯ್ದು ಒಳಗಿನ ಮೊಳೆಗೆ ನೇತುಹಾಕಿದೆ.

ಎರಡನೆಯ ಟ್ರಯಲ್ಲಿಗೆ ವೈನಿಯೂ ಬಂದರು. ಅಣ್ಣನ ಹೆಂಡತಿ. ಆಕೆಗೆ ಪುಣೆಗೆ ಹೋಗುವ ಮನಸ್ಸಿರಲಿಲ್ಲ. 'ಆ ವಾಸನಿ ನನಗ ತಡಿಯಂಗಿಲ್ಲ. ಅವ್ರು ಹೋಗ್ಲಿ, ಅಪ್ಪ ಮಗಳು ಒಂದಾದ್ರ ಸಾಕು' ಅಂದರು. ಅಂಗಡಿಯ ಎರಡು ಮೆಟ್ಟಿಲು ಹತ್ತಿ ಅಣ್ಣ ಬಾಗಿಲು ಹಿಡಿದು ನಿಂತ. ಕೈಯಿಂದ ತಡಿ ಎಂದು ಸನ್ನೆ ಮಾಡಿದ. ಕೋಟಿಗಿಂತ ಮೊದಲು ಬೂಟು ಹಾಕಿ ನೋಡೋಣ ಎಂದು ಕೂರಿಸಿದೆ. ಬೂಟು ಕಾಲಿಗೆ ಹತ್ತಲಿಲ್ಲ.

'ಹೊಸಾ ಬೂಟ ಹಂಗರಿ, ಎಣ್ಣಿ ಹಚ್ಚಿಟ್ರ ಸಡ್ಲಾಗ್ತಾವು' ಅಂದರು ವೈನಿ. ಬೂಟಿಗೆಂದು ಅಣ್ಣ ಹಾಕಿಕೊಂಡು ಬಂದಿದ್ದ ಕಾಲುಚೀಲ ತೆಗೆದಾಗ ಅದರ ಅಂಚು ಕುಳಿತ ಜಾಗದಲ್ಲಿ ಚರ್ಮ ಒಳಗೆ ಹೋಗಿ ಗೆರೆ ಬಿದ್ದಿತ್ತು. ಬೆರಳಿನಿಂದ ಒತ್ತಿದೆ. ಒತ್ತಿದ ತಗ್ಗು ಹಾಗೆಯೇ ಉಳಿಯಿತು. ಅಣ್ಣ ಪೈಜಾಮ ಕೆಳಗೆ ಎಳೆದುಕೊಂಡು ನನ್ನ ಕಣ್ಣು ನೋಡಿದ.

ವೈನಿ ಕಾಯಿಪಲ್ಲೆ ತರಲು ಹೋದ ಮೇಲೆ ನಾನು ಬಾಗಿಲು ಅರೆಮುಚ್ಚಿದೆ. 'ಅಣ್ಣಾ, ದವಾಖಾನಿಗೆ ಹೋಗೂಣು. ಈಗಿಂದೀಗ. ಇಲ್ಲೇ ಬಾಜೂಕ ಐತಿ' ಅಂದೆ.

'ಪುಣಾದಿಂದ ಬಂದ ಮ್ಯಾಲೆ ಹೋಗೂಣಂತ.'

'ನನಗ ಕೆಟ್ಟ ಅನಸಾಕತ್ತೇತಿ.'

'ಡಾಕ್ಟರ್ ಏನಂತಾನ? ಪ್ರವಾಸ ಬ್ಯಾಡ ಅಂತಾನ. ಮಲಗಸ್ತಾನ. ಆಕಿ ಎಲ್ಲಾ ತಯಾರಿ ಮಾಡ್ಯಾಳ, ತಮ್ಮಾ. ನಾಕ ವರ್ಷ ನಾನ ಮಾತ ಬಿಟ್ಟೇನಿ, ಆಕಿ ಬಿಟ್ಟಿಲ್ಲ. ಈಗ ಬರಂಗಿಲ್ಲಂದ್ರ ಮತ್ತ ಸಿಟ್ಟ ಮಾಡ್ಯಾನ ಅಂತ ತಿಳ್ಕೋತಾಳ.' ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಅಂದ: 'ಯಾರ ಮುಂದೂ ಅನಬ್ಯಾಡ. ನಿಮ್ಮ ವೈನಿ ಮುಂದ ಅಂತೂ ಬ್ಯಾಡ. ನೀ ಕೋಟ ಸಡ್ಲ ಮಾಡು.'

ಅವನ ಅಳತೆ ಅವತ್ತು ಮೂವತ್ತೆಂಟೂವರೆ, ಮೂವತ್ತೊಂಬತ್ತು. ನಡುವೆ ಅರ್ಧ ಇಂಚು. ಭುಜ ಇಳಿದಿತ್ತು, ಸೊಂಟ ಏರಿತ್ತು. ಹೊರಗೆ ವೈನಿ ಕೊತ್ತಂಬರಿ ಸಿವುಡು ಹಿಡಿದು ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದರು. ನಾನು ಹೊರಗೆ ಹೋಗಿ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಅಣ್ಣನ ಮಾತು ಮೀರಬಾರದೆಂದು ಅನ್ನಲಿಲ್ಲ, ಅಪ್ಪ ಮಗಳು ಒಂದಾಗಲಿ ಎಂದು ಅನ್ನಲಿಲ್ಲ, ಇವೆರಡೂ ಖರೆ. ಆ ಕೋಟು ಪುಣೆಗೆ ಹೋಗಬೇಕೆಂಬ ಆಸೆಯೂ ಒಳಗೆ ಇತ್ತು, ಅದೂ ಖರೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಕೋಟಿನ ಬದಿಯಲ್ಲಿ ಬಿಡಲು ಇನ್ನು ಬಟ್ಟೆ ಇರಲಿಲ್ಲ. ತೋಳಿನ ಕೆಳಗೆ ಬೇರೆ ಪಟ್ಟಿ ಕೂಡಿಸಿದೆ. ಬೂಟನ್ನು ಮರಳಿಸಿ ಒಂದು ನಂಬರು ದೊಡ್ಡದು ತಂದೆ. ಅಂಗಿಯ ಕಾಲರಿನ ಗುಂಡಿಯನ್ನೂ ಅಂಚಿಗೆ ಸರಿಸಿದೆ, ಅದೂ ಹಿಡಿಯುತ್ತದೆ ಅಂದಿದ್ದ. ಮೈ ಮೇಲಿನ ಒಂದೊಂದು ಬಟ್ಟೆಯೂ ಬಾಯಿ ಬಿಟ್ಟು ಹೇಳುತ್ತಿತ್ತು, ನಾನು ಒಂದೊಂದರ ಬಾಯಿಯನ್ನೂ ಹೊಲಿದು ಮುಚ್ಚುತ್ತಿದ್ದೆ.

ನಾನೂ ಜೊತೆಗೆ ಹೋಗಬಹುದಿತ್ತು. ಮಮದಾಪುರದ ಒಂದು ಮದುವೆಯ ಆರು ಕೋಟು ನನ್ನ ಕೈಯಲ್ಲಿದ್ದವು, ಬಹಳ ದಿನದ ಮೇಲೆ ಬಂದ ದೊಡ್ಡ ಕೆಲಸ. ಅಣ್ಣ ಒಬ್ಬನೇ ಹೊರಟ. ಮೂಡಲಗಿಯಿಂದ ಬಸ್ಸು ನಾಗನೂರ ದಾಟಿದಾಗ ಫೋನು ಮಾಡಿದ. 'ಕೋಟ ಚೀಲದಾಗ ಇಟ್ಟೇನಿ, ಮುದುಡ್ತೈತೇನು?' ಎಂದು ಕೇಳಿದ. ಮಡಿಸಬೇಡ, ತೋಳಿನ ಮೇಲೆ ಹಾಕಿಕೊಂಡು ಕೂರು ಅಂದೆ. ಅಲ್ಲಿಂದ ಪುಣೆಯವರೆಗೂ ಹಾಗೆಯೇ ಕೂತು ಹೋದನಂತೆ.

ಮರುದಿನ ಮಗಳು ಫೋಟೊ ಕಳಿಸಿದಳು. ಬಿಳಿ ಮೇಜುಬಟ್ಟೆ, ಸಾಲು ಚಮಚ ಚೂರಿ, ನಡುವೆ ಅಣ್ಣ. ನಾನು ಮೊದಲು ನೋಡಿದ್ದು ಕೋಟನ್ನು. ಮೂರೂ ಗುಂಡಿ ಬಿಚ್ಚಿದ್ದವು. ಕೂತಾಗ ಕೆಳಗಿನದೊಂದು ಬಿಚ್ಚಬೇಕು, ಮೂರೂ ಬಿಚ್ಚಿ ನನ್ನ ಹೊಲಿಗೆಯ ಮರ್ಯಾದೆ ತೆಗೆದನಲ್ಲ ಎಂದು ಗೊಣಗಿದೆ. ಆಮೇಲೆ ಫೋಟೊದಲ್ಲಿ ಮುಖ ದೊಡ್ಡದು ಮಾಡಿ ನೋಡಿದೆ. ಅಣ್ಣ ನಗುತ್ತಿದ್ದ. ಅಂಥ ನಗು ನಾನು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ತುಟಿ ಮಾತ್ರ ಕೋಟಿನ ಬಣ್ಣಕ್ಕೆ ಹತ್ತಿರವಿತ್ತು. ಅಲ್ಲಿಯ ದೀಪ ಹಾಗಿರಬೇಕು ಎಂದು ಫೋನು ಉಲ್ಟಾ ಮಾಡಿ ಇಟ್ಟೆ.

ಅದರ ಮರುದಿನ ಮಧ್ಯಾಹ್ನ ಮಮದಾಪುರದ ಕೋಟಿಗೆ ಗುಂಡಿಯ ಕಾಜ ಕೊರೆಯುತ್ತಿದ್ದೆ. ಅಣ್ಣನ ನಂಬರಿನಿಂದ ಫೋನು ಬಂತು. ದನಿ ಅಣ್ಣನದಲ್ಲ.

'ಇವ್ರು ನಿಮಗೇನ್ ಆಗಬೇಕ್ರಿ? ಹುಕ್ಕೇರಿ ಬಸ್‌ಸ್ಟ್ಯಾಂಡಿನಾಗ ಅದೇವ್ರಿ. ಬಸ್ಸಿನಾಗ ಕುಂತಲ್ಲೇ ಒಂದ್ ನಮೂನಿ ಆದ್ರು. ಥಂಡಿ ಅಂತ ಕೋಟಿನ ಗುಂಡಿ ಹಾಕ್ಕೊಂಡ ಕುಂತಿದ್ರು, ಭಾಳ ಬಿಗಿ ಆಗಿತ್ರಿ, ಗುಂಡಿ ಹರದ ತಗದೇವಿ. ಗಾಳಿ ಹಾಕಾಕತ್ತೇವಿ, ಈಗ ಆರಾಮಾಗ್ತಾರ್ರಿ.'

'ಕೋಟ ಬಿಗಿ ಇಲ್ರಿ!' ಎಂದು ಕೂಗಿದೆ. 'ಕೋಟಿಂದೇನೂ ತಪ್ಪಿಲ್ರಿ. ಎದಿ ಕೆಟ್ಟೈತಿ. ಗಾಳಿ ಹಾಕಬ್ಯಾಡ್ರಿ, ದವಾಖಾನಿಗೆ ಒಯ್ರಿ, ನಿಮ್ಮ ಕಾಲ ಬೀಳ್ತೇನಿ.'

ಒಂದು ತಿಂಗಳಿನಿಂದ ಬಾಯಿಯೊಳಗಿದ್ದ ಮಾತನ್ನು ನಾನು ಮೊದಲ ಸಲ ಹೇಳಿದ್ದು ಹೀಗೆ, ಗುರುತಿಲ್ಲದ ಒಬ್ಬ ಮನುಷ್ಯನಿಗೆ. ಪಾಪ, ಅವರು ಒಯ್ದರು. ನಾನು ಘಟಪ್ರಭಾ ದಾಟುವಷ್ಟರಲ್ಲಿ ಮತ್ತೆ ಅದೇ ದನಿಯ ಫೋನು ಬಂತು. ಈ ಸಲ ಅವರು ಬಹಳ ಮೆಲ್ಲಗೆ ಮಾತಾಡಿದರು. ಹುಕ್ಕೇರಿ ಮುಟ್ಟಿದಾಗ ಅಣ್ಣನಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಕೋಟನ್ನು ಮಡಿಸಿ ಕಾಲ ಹತ್ತಿರ ಇಟ್ಟಿದ್ದರು.

ಮಣ್ಣು ಮುಗಿದು, ದಿವಸದ ಕಾರ್ಯವೂ ಆದ ಮೇಲೆ ಮಗಳು ಪುಣೆಗೆ ಮರಳುವ ಮೊದಲು ನನ್ನ ಅಂಗಡಿಗೆ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು.

'ಬಟಾಟಿ, ಬದನಿಕಾಯಿ ಸುಟ್ಟ ಕೊಟ್ಟಿದ್ನಿ ಕಾಕಾ. ಹೊಸಾ ಬಾಣಲಿ ತಗೊಂಡಿದ್ನಿ ಅದಕ್ಕಂತ. ಎರಡ ತುತ್ತ ತಿಂದು, ಕೋಟ ಹಿಡಿತೈತವಾ ಅಂದ. ತಗದಿಡು ಅಪ್ಪಾ, ಇಲ್ಲೆ ಯಾರೂ ಕೋಟ ಹಾಕಂಗಿಲ್ಲ ಅಂದ್ನಿ. ಸುತ್ತ ನೋಡಿದ. ಖರೇನ ಯಾರ ಮೈಮ್ಯಾಲೂ ಇರಲಿಲ್ಲ, ಎಲ್ಲಾರೂ ತೋಳ ಮಡಚಿದ ಅಂಗಿ. ಆದ್ರೂ ತಗೀಲಿಲ್ಲ. ಗುಂಡಿ ಬಿಚ್ಚಿ ಕುಂತ. ನಿಮ್ಮ ಕಾಕಾ ಎರಡ ಸಲ ಬಿಚ್ಚಿ ಹೊಲದಾನ, ತಗದ್ರ ಅವಂಗ ಕೆಟ್ಟ ಅನಸ್ತೈತಿ ಅಂದ.'

ನಾನು ಮಷೀನಿನ ಚಕ್ರ ಹಿಡಿದುಕೊಂಡು ಕೂತೆ. ಕೋಟು ಇರದಿದ್ದರೆ ಅಣ್ಣನಿಗೆ ಆ ರಾತ್ರಿ ಬಿಗಿ ಎಂದು ದೂರಲು ಮೈ ಮೇಲೆ ಏನೂ ಇರುತ್ತಿರಲಿಲ್ಲ. ಎದೆಯನ್ನೇ ದೂರಬೇಕಾಗುತ್ತಿತ್ತು, ಮಗಳು ಅಲ್ಲೇ ಎದುರಿಗಿದ್ದಳು, ಊರು ಪುಣೆ, ಬೇಕಾದಷ್ಟು ಆಸ್ಪತ್ರೆ. ನಾನು ಇದನ್ನು ಲೆಕ್ಕ ಹಾಕುತ್ತಿರುವಾಗಲೇ ಆಕೆ ಮೇಜಿನ ಮೇಲಿನ ಅಳತೆಯ ಪುಸ್ತಕ ಎಳೆದುಕೊಂಡು ಹಾಳೆ ತಿರುವಿದಳು.

'ಅಪ್ಪಂದು ಎಲ್ಲಿ ಬರದೀ?'

ತೋರಿಸಿದೆ. ಆಕೆ ಅಪ್ಪನ ಅಂಕಿಗಳ ಮೇಲೆ ಬೆರಳಾಡಿಸಿದಳು. ಭುಜ, ತೋಳು, ಎದೆ. ಎದೆಯ ಹತ್ತಿರ ನಿಂತಳು.

'ಇದು ಮೂವತ್ತೆಂಟ. ಇದರ ಬಾಜೂಕ ಇನ್ನೊಂದ ಐತಲಾ, ಇದೇನು ಕಾಕಾ?'

'ಅದು ಒಳಗಿನ ಅಸ್ತರದ ಅಳತಿ' ಅಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು. ಆಕೆ ತಲೆಯಾಡಿಸಿದಳು. ನಾನು ಬದುಕಿದೆ ಅಂದುಕೊಂಡೆ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಎದ್ದು ಹೊರಡುವಾಗ ಮತ್ತೆ ತಿರುಗಿದಳು. 'ಕಾಕಾ, ಅಡಗಿಮನ್ಯಾಗ ನಾವು ಬಿಳಿ ಕೋಟ ಹಾಕ್ಕೊಂಡ ನಿಂದರ್ತೇವಿ. ಎಲ್ಲಾರೂ ತಯಾರ್ ಇದ್ದದ್ದ ತಗೋತಾರ. ನನಗ ನೀ ಒಂದ ಹೊಲದ ಕೊಡು. ಅಪ್ಪಂಗ ಹೊಲದಂಗ.'

ಬೇಡ ಎಂದು ಹೇಗೆ ಹೇಳಲಿ? ಹೆಣ್ಣುಮಕ್ಕಳ ಅಳತೆಗೆ ನಾನು ಟೇಪನ್ನು ಅವರ ಕೈಗೇ ಕೊಡುತ್ತೇನೆ. ಅವರೇ ಸುತ್ತಿಕೊಂಡು ಅಂಕಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹೊಸ ಹಾಳೆ ತೆಗೆದೆ. ಭುಜ ಹೇಳಿದಳು, ತೋಳು ಹೇಳಿದಳು. ಎದೆಗೆ ಟೇಪು ಸುತ್ತಿಕೊಂಡು, 'ಮೂವತ್ನಾಕ' ಅಂದಳು. ಬರೆದೆ. ಆಮೇಲೆ ಮೂವತ್ತು ವರ್ಷದ ರೂಢಿ ನನ್ನ ಬಾಯಿಯಿಂದ ತಾನೇ ಮಾತಾಡಿತು.

'ಈಗ ಉಸುರ ಎಳಕೊಂಡ ಹೇಳು.'

ಆಕೆ ಎಳೆದುಕೊಂಡಳು. ಕೆಳಗೆ ಟೇಪು ನೋಡಿ, 'ಮೂವತ್ತಾರೂವರಿ' ಅಂದಳು. ನಾನು ಅದನ್ನು ಮೂವತ್ನಾಲ್ಕರ ಪಕ್ಕದಲ್ಲಿ ಬರೆದೆ. ಬರೆದ ಮೇಲೆ ನನ್ನ ಕೈ ಅಲ್ಲೇ ನಿಂತಿತು.

ಆಕೆ ನನ್ನ ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು. ಟೇಪನ್ನು ಬಿಡದೆ ಒಂದು ಕೈಯಿಂದ ಹಾಳೆ ಹಿಂದಕ್ಕೆ ತಿರುವಿದಳು. ಮೂವತ್ತೆಂಟು, ನಲವತ್ತು. ಮೂವತ್ತೆಂಟು, ಮೂವತ್ತೊಂಬತ್ತೂಕಾಲು. ಒಂದರ ಕೆಳಗೆ ಒಂದು, ಕೊನೆಯ ಅರ್ಧ ಇಂಚಿನವರೆಗೂ ಆಕೆಯ ಕಣ್ಣು ಇಳಿಯಿತು. ಪ್ರತಿಯೊಂದರ ಮುಂದೆಯೂ ನಾನು ತಾರೀಕು ಹಾಕಿದ್ದೆ, ನೀಟಾಗಿ, ಉಸ್ತಾದರು ಕಲಿಸಿದಂತೆ.

'ನಿನಗ ಗೊತ್ತಿತ್ತು' ಅಂದಳು.

ಟೇಪನ್ನು ಸುರುಳಿ ಸುತ್ತಿ ಪುಸ್ತಕದ ಮೇಲೆ ಇಟ್ಟು ಮೆಟ್ಟಿಲಿಳಿದು ಹೋದಳು. ಆಕೆಯ ಬಿಳಿ ಕೋಟು ಹೊಲಿದು ಮುಗಿದು ಆರು ತಿಂಗಳಾಯಿತು. ಯಾರೂ ಒಯ್ಯಲು ಬಂದಿಲ್ಲ.